ಬೀದರ್‌ನ ನೆರಳು, ಚಾಮರಾಜನಗರದ ಲೆಕ್ಕ

ಮೇಷ್ಟ್ರುಗಳ ವಾಟ್ಸಾಪ್ ಗುಂಪುಗಳಿಗೆ ನನ್ನ ಫೋನಿನಲ್ಲಿ ಯಾವತ್ತೂ ಬರ ಇರಲಿಲ್ಲ. ಕ್ಲಸ್ಟರ್‌ದು ಒಂದು, ತಾಲ್ಲೂಕಿನದ್ದು ಒಂದು, ಜಿಲ್ಲೆಯ ವಿಜ್ಞಾನ ಶಿಕ್ಷಕರದ್ದು ಒಂದು, ಸಂಘದ್ದು ಒಂದು. ಯಾವುದೋ ತರಬೇತಿಯ ಕೊನೇ ದಿನ ಹುಟ್ಟಿ, ಇನ್ನೂ ಸಾಯದೆ ಉಳಿದವು ಬೇರೆ. ಬೆಳಗ್ಗೆ ಶುಭೋದಯ. ಆಮೇಲೆ ಸುತ್ತೋಲೆ. ಮಧ್ಯಾಹ್ನ, ಮಕ್ಕಳ ಮಾಹಿತಿ ತುಂಬುವ ಇಲಾಖೆಯ ತಂತ್ರಾಂಶದ ಬಗ್ಗೆ ‘ಸ್ಯಾಟ್ಸ್ ಎಂಟ್ರಿ ಇಂದೇ ಮುಗಿಸಿ’ ಅನ್ನುವ ಗದರಿಕೆ. ರಾತ್ರಿ ಯಾರದೋ ಬೀಳ್ಕೊಡುಗೆಯ ಫೋಟೋ. ಇದೆಲ್ಲ ಬೇಡ ಅಂತ ನಾನು ಹೇಳುತ್ತಿಲ್ಲ. ಸುತ್ತೋಲೆ ನೋಡದಿದ್ದರೆ ಬೈಸಿಕೊಳ್ಳುವವರು ನಾವೇ. ಆದರೆ ಪಾಠದ ಬಗ್ಗೆ ಮಾತಾಡೋಕೆ ಅಲ್ಲಿ ಜಾಗ ಇರಲಿಲ್ಲ.

ಒಂದು ಸಲ ಕೇಳಿ ನೋಡಿದ್ದೆ. ಎಂಟು, ಒಂಬತ್ತನೇ ತರಗತಿಯಲ್ಲಿ ಮಕ್ಕಳೇ ಅಳೆದು, ಲೆಕ್ಕ ಹಾಕಿ ಮಾಡುವಂಥ ಪ್ರಾಜೆಕ್ಟ್ ಯಾರಾದರೂ ಮಾಡಿಸಿದ್ದೀರಾ, ಹೇಗೆ ಮಾಡಿಸಿದಿರಿ ಅಂತ. ಅರ್ಧ ಗಂಟೆಯಲ್ಲಿ ಪಿಡಿಎಫ್‌ಗಳು ಸುರಿದವು. ವಿಜ್ಞಾನ ಪ್ರಾಜೆಕ್ಟ್‌ಗಳ ಉದ್ದನೆಯ ಪಟ್ಟಿಗಳು, ಅದರಲ್ಲೂ ಒಂದೇ ಪಟ್ಟಿ ಇಬ್ಬರಿಂದ. ಆಮೇಲೆ ನಮಸ್ಕಾರದ ಕೈಗಳು. ‘ನಾನು ಇದನ್ನು ಮಾಡಿಸಿದೆ, ಹೀಗಾಯ್ತು, ಇಲ್ಲಿ ಕೆಟ್ಟಿತು’ ಅಂತ ಒಬ್ಬರೂ ಬರೆಯಲಿಲ್ಲ. ನನಗೆ ಬೇಕಿದ್ದದ್ದು ಅದೊಂದೇ.

ಪ್ರಾಜೆಕ್ಟ್ ಅಂದರೆ ನಮ್ಮಲ್ಲಿ ಏನಾಗುತ್ತದೆ ಅನ್ನುವುದು ಮೇಷ್ಟ್ರುಗಳಿಗೆ ಗೊತ್ತಿರುವ ಗುಟ್ಟು. ಬಿ.ಇಡ್.ನಲ್ಲಿ ಕಿಲ್‌ಪ್ಯಾಟ್ರಿಕ್ ಅನ್ನುವ ಅಮೆರಿಕದ ಮೇಷ್ಟ್ರು 1918ರಲ್ಲಿ ಮುಂದಿಟ್ಟ ಯೋಜನಾ ವಿಧಾನದ ಹಂತಗಳನ್ನು ಉರು ಹೊಡೆದು ಬರೆದು ಪಾಸಾದವರು ನಾವು. ಶಾಲೆಗೆ ಬಂದ ಮೇಲೆ ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್‌ಎ. ಎಫ್‌ಎ ಬಂತು ಅಂದರೆ ಊರಿನ ಸ್ಟೇಷನರಿ ಅಂಗಡಿಯಲ್ಲಿ ಚಾರ್ಟ್ ಶೀಟಿಗೆ ಕ್ಯೂ. ಥರ್ಮೋಕೋಲ್, ಮಿಂಚು, ಬಣ್ಣದ ಟೇಪು. ಅಕ್ಕನೋ ಅಮ್ಮನೋ ಚಿತ್ರ ಬರೆದುಕೊಡುತ್ತಾರೆ. ಅಂಗಡಿಯವನೇ ಪ್ರಿಂಟ್ ತೆಗೆದು ಫೈಲ್ ಮಾಡಿಕೊಡುವುದೂ ಉಂಟು. ನಾವು ಸಹಿ ಹಾಕಿ ಅಂಕ ಕೊಡುತ್ತೇವೆ. ಮಕ್ಕಳನ್ನು ಬೈದು ಏನು ಪ್ರಯೋಜನ? ನಾವು ಕೇಳಿದ್ದು ಅಷ್ಟೇ, ಅವರು ಕೊಟ್ಟದ್ದೂ ಅಷ್ಟೇ.

ಇನ್ನೊಂದು ಕಾರಣವೂ ಇದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಪಿಸಿಎಂ (ಭೌತ, ರಸಾಯನ, ಗಣಿತ) ಮೇಷ್ಟ್ರು ಒಬ್ಬರು, ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ) ಮೇಷ್ಟ್ರು ಒಬ್ಬರು. ಗಣಿತ, ಭೌತಶಾಸ್ತ್ರ ಎರಡೂ ನನ್ನ ತಲೆ ಮೇಲೆ. ಒಂದು ಪ್ರಯೋಗ ಕೈಕೊಟ್ಟರೆ ಸ್ಟಾಫ್ ರೂಮಿನಲ್ಲಿ ಕೇಳೋಕೆ ಯಾರೂ ಇಲ್ಲ. ಹಿಂದಿ ಮೇಡಂ ಪಾಪ ಆಸಕ್ತಿಯಿಂದಲೇ ಕೇಳಿಸಿಕೊಳ್ಳುತ್ತಾರೆ, ಆದರೆ ಎಷ್ಟು ಅಂತ ಕೇಳಿಸಿಕೊಂಡಾರು.

ದಾರಿ ಸಿಕ್ಕಿದ್ದು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ, ಒಂದು ತರಬೇತಿಯ ಟೀ ಬಿಡುವಿನಲ್ಲಿ. ಬೀದರ್ ಕಡೆಯ ಗಣಿತ ಮೇಡಂ ಒಬ್ಬರು ಹೊರಗೆ ಬಿಸಿಲಲ್ಲಿ ನಿಂತು ತಮ್ಮ ನೆರಳನ್ನೇ ನೋಡುತ್ತಿದ್ದರು. ‘ಸರ್, ಇಲ್ಲಿ ನೆರಳು ಗಿಡ್ಡ ಅದ ನೋಡ್ರಿ. ನಮ್ಮ ಕಡಿ ಇದೇ ಹೊತ್ತಿಗಿ ಇದಕ್ಕಿಂತ ಉದ್ದ ಬೀಳ್ತದ’ ಅಂದರು. ಪಾಠ ಮಾಡಿ ಮಾಡಿ ನಮಗೆಲ್ಲ ಗೊತ್ತಿರುವ ವಿಷಯವೇ. ಆದರೆ ಯಾರೂ ಅಳೆದಿರಲಿಲ್ಲ. ಅಳೆಯೋಕೆ ಒಂದು ಊರು ಸಾಲದು, ಅಲ್ವಾ? ಅವತ್ತು ರಾತ್ರಿ ಹಾಸ್ಟೆಲ್ ಊಟದ ಮೇಜಿನ ಮೇಲೆ ಕರ್ನಾಟಕದ ನಕ್ಷೆ ಹಾಕಿಕೊಂಡು ಕೂತೆವು. ಬೀದರ್ ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ನಾನಿರುವ ಚಾಮರಾಜನಗರ 11.9. ವ್ಯತ್ಯಾಸ ಆರು ಡಿಗ್ರಿ. ಪೂರ್ತಿ ವೃತ್ತ 360 ಡಿಗ್ರಿ, ಅಂದರೆ ಅದರ ಅರವತ್ತನೇ ಒಂದು ಭಾಗ. ರೇಖಾಂಶವೂ ಹೆಚ್ಚುಕಮ್ಮಿ ಒಂದೇ, ಎರಡೂ 77 ಡಿಗ್ರಿಯ ಆಸುಪಾಸು. ನಮ್ಮ ಎರಡು ಶಾಲೆಗಳ ನಡುವೆ ಉತ್ತರ ದಕ್ಷಿಣವಾಗಿ ಸುಮಾರು 660 ಕಿಲೋಮೀಟರ್. ಎರಡು ಊರಿನ ನೆರಳಿನ ಕೋನಗಳ ವ್ಯತ್ಯಾಸ ವೃತ್ತದ ಎಷ್ಟನೇ ಒಂದು ಭಾಗವೋ, ಈ ದೂರ ಭೂಮಿಯ ಸುತ್ತಳತೆಯ ಅಷ್ಟನೇ ಒಂದು ಭಾಗ. ಭೂಮಿಯ ಸುತ್ತಳತೆ ಅಳೆಯೋಕೆ ಇದಕ್ಕಿಂತ ಒಳ್ಳೆಯ ಜೋಡಿ ರಾಜ್ಯದಲ್ಲಿ ಹುಡುಕಿದರೂ ಸಿಗಲ್ಲ.

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಅನ್ನುವ ಗ್ರೀಕ್ ವಿದ್ವಾಂಸ ಮಾಡಿದ್ದು ಇದನ್ನೇ. ಅವನಿದ್ದದ್ದು ಅಲೆಕ್ಸಾಂಡ್ರಿಯಾದಲ್ಲಿ. ದಕ್ಷಿಣದ ಸೈಯೀನ್‌ನಲ್ಲಿ, ಅಂದರೆ ಈಗಿನ ಅಸ್ವಾನ್‌ನಲ್ಲಿ, ವರ್ಷದ ಅತಿ ಉದ್ದದ ಹಗಲಿನ ಮಧ್ಯಾಹ್ನ ನೆರಳೇ ಬೀಳುವುದಿಲ್ಲ ಅನ್ನುವ ಸುದ್ದಿ ಅವನಿಗೆ ಗೊತ್ತಿತ್ತು. ಅದೇ ಹೊತ್ತಿಗೆ ತನ್ನ ಊರಿನಲ್ಲಿ ನೆರಳಿನ ಕೋನ ವೃತ್ತದ ಐವತ್ತನೇ ಒಂದು ಭಾಗ ಬಂತು, ಸುಮಾರು 7.2 ಡಿಗ್ರಿ. ನಾನು ಈ ಕಥೆಯನ್ನು ಎಷ್ಟೋ ವರ್ಷ ಒಬ್ಬ ಜಾಣನ ಕಥೆಯಾಗಿ ಹೇಳುತ್ತಿದ್ದೆ. ಆ ರಾತ್ರಿ ಬೇರೆ ಥರ ಕಾಣಿಸಿತು. ಸೈಯೀನ್‌ನ ಸುದ್ದಿ ಯಾರೂ ತಲುಪಿಸದಿದ್ದರೆ ಆ ಜಾಣ ಏನು ಮಾಡುತ್ತಿದ್ದ?

ನಮ್ಮ ಬಳಗ ಶುರುವಾದದ್ದು ಹೀಗೆ. ‘ಶಿಕ್ಷಕರ ಜಾಲ ಕಟ್ಟೋಣ ಬನ್ನಿ’ ಅಂತ ದೊಡ್ಡ ಗುಂಪಿನಲ್ಲಿ ಹಾಕಿದ್ದರೆ ನೂರು ಜನ ಸೇರುತ್ತಿದ್ದರು, ಮಾರನೇ ದಿನದಿಂದ ಶುಭೋದಯ ಶುರುವಾಗುತ್ತಿತ್ತು. ಹಾಗೆ ಮಾಡದೆ, ಗೊತ್ತಿದ್ದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿದೆವು. ಹಿರಿಯೂರು, ಶಿರಸಿ, ಪುತ್ತೂರು, ಸಿಂಧನೂರು, ತೀರ್ಥಹಳ್ಳಿ. ಕೇಳಿದ್ದು ಒಂದೇ ಪ್ರಶ್ನೆ: ‘ಇಂಥ ದಿನ ಮಧ್ಯಾಹ್ನ ನಿಮ್ಮ ಮಕ್ಕಳ ಜೊತೆ ಒಂದು ಕೋಲು ನೆಟ್ಟು ನೆರಳು ಅಳೆದು ಕಳಿಸ್ತೀರಾ?’ ಹೂಂ ಅಂದವರು ಒಳಗೆ. ‘ಸುಮ್ನೆ ಸೇರಿಸಿ ಸರ್, ನೋಡ್ತಾ ಇರ್ತೀನಿ’ ಅಂದವರಿಗೆ ಆಮೇಲೆ ನೋಡೋಣ ಅಂದೆವು. ಈ ವಿಷಯದಲ್ಲಿ ನನಗೂ ಬೀದರ್ ಮೇಡಂಗೂ ಜಗಳವೇ ಆಯಿತು. ನೋಡುತ್ತಾ ನೋಡುತ್ತಾ ಕಲಿಯುವವರೂ ಇರುತ್ತಾರೆ, ಬಾಗಿಲು ಹಾಕಬಾರದು ಅಂತ ಅವರು. ಮೊದಲ ವರ್ಷವಾದರೂ ಕೈ ಕೆಸರು ಮಾಡಿಕೊಳ್ಳುವವರೇ ಇರಲಿ ಅಂತ ನಾನು. ಈಗಲೂ ನನಗೆ ನನ್ನ ಮಾತೇ ಸರಿ ಅನ್ನಿಸುತ್ತದೆ. ಅಳತೆ ಕೊಡಬೇಕಾದವರು ಅಂತ ಗೊತ್ತಿದ್ದರೆ ಮೆಸೇಜ್ ಓದುವ ರೀತಿಯೇ ಬೇರೆ.

ಎಲ್ಲಿ ಸೇರೋದು ಅನ್ನುವ ಚರ್ಚೆ ಬೇಗ ಮುಗಿಯಿತು. ಟೆಲಿಗ್ರಾಂನಲ್ಲಿ ಹಳೇ ಫೈಲು ಹುಡುಕುವುದು ಸುಲಭ, ವಿಷಯವಾರು ಬೇರೆ ಬೇರೆ ಎಳೆ ಇಡಬಹುದು ಅಂತ ಒಬ್ಬ ಉತ್ಸಾಹಿ ಸರ್ ವಾದಿಸಿದರು. ಅದು ನಿಜ. ಆದರೆ ಅರ್ಧ ಜನ ಟೆಲಿಗ್ರಾಂ ತೆರೆಯುವುದೇ ಇಲ್ಲ. ಜನ ಎಲ್ಲಿದ್ದಾರೋ ಅಲ್ಲೇ ಇರೋಣ ಅಂತ ಮಾತಿಗೆ ವಾಟ್ಸಾಪ್ ಇಟ್ಟುಕೊಂಡೆವು. ದಾಖಲೆಗೆ ಒಂದು ಗೂಗಲ್ ಶೀಟ್. ಗುಂಪಿನಲ್ಲಿ ಹಾಕಿದ್ದು ಮೂರು ದಿನದಲ್ಲಿ ಕೆಳಗೆ ಹೋಗಿ ಮುಳುಗುತ್ತದೆ. ಶೀಟಿನಲ್ಲಿ ಹಾಕಿದ್ದು ಉಳಿಯುತ್ತದೆ.

ಆ ಶೀಟಿನ ಬಗ್ಗೆ ಸ್ವಲ್ಪ ಹೇಳಬೇಕು. ಊರು, ತಾರೀಕು, ಕೋಲಿನ ಎತ್ತರ, ಅತಿ ಗಿಡ್ಡ ನೆರಳು, ಅದು ಬಿದ್ದ ಸಮಯ. ಇವೆಲ್ಲ ಇರಲೇಬೇಕಿದ್ದ ಕಾಲಂಗಳು. ಶಿರಸಿಯ ಸರ್ ಕೊನೆಗೆ ಇನ್ನೊಂದು ಕಾಲಂ ಸೇರಿಸಿದರು: ‘ಏನು ಎಡವಟ್ಟಾಯ್ತು?’ ಎಲ್ಲರೂ ಮೊದಲು ಓದುವುದು ಅದನ್ನೇ. ‘ಕೋಲಿನ ಹತ್ತಿರ ಹಸು ಬಂತು.’ ‘ಬಿಸಿಯೂಟದ ಬೆಲ್ ಹೊಡೆದದ್ದೇ ಅರ್ಧ ಮಕ್ಕಳು ತಟ್ಟೆ ಹಿಡಿದು ಓಡಿದರು.’ ‘ಟೇಪಿನ ಮೊದಲ ಎರಡು ಸೆಂಟಿಮೀಟರ್ ಹರಿದುಹೋಗಿತ್ತು, ಮಕ್ಕಳು ಅದನ್ನು ಕಳೆಯಲಿಲ್ಲ.’ ಯಾವ ಪಿಡಿಎಫ್‌ನಲ್ಲೂ ಇದು ಸಿಗುವುದಿಲ್ಲ. ಮುಂದಿನ ಸಲ ಮಾಡಿಸುವವರಿಗೆ ಬೇಕಾಗಿರುವುದು ಇದೇ.

ದಿನ ಯಾವುದು ಅನ್ನುವುದರಲ್ಲೇ ಒಂದು ಪಾಠ ಇತ್ತು. ನಮ್ಮ ರಾಜ್ಯ ಕರ್ಕಾಟಕ ವೃತ್ತಕ್ಕಿಂತ ಕೆಳಗಿರುವುದರಿಂದ ವರ್ಷಕ್ಕೆ ಎರಡು ಸಲ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆರಳು ಕಾಲ ಕೆಳಗೆ ಅಡಗುತ್ತದೆ. ಶೂನ್ಯ ನೆರಳಿನ ದಿನ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಕೇಳೋಕೆ ಚೆಂದ. ಆದರೆ ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಮೋಡ. ಪುತ್ತೂರು, ತೀರ್ಥಹಳ್ಳಿಯವರಿಗೆ ಆಗಸ್ಟ್‌ನಲ್ಲಿ ಸೂರ್ಯನ ಪ್ರಾಜೆಕ್ಟ್ ಮಾಡಿಸಿ ಅಂದರೆ ನಗುತ್ತಾರೆ. ಸೆಪ್ಟೆಂಬರ್ 23ರ ಆಚೀಚೆ, ಹಗಲು ರಾತ್ರಿ ಹೆಚ್ಚುಕಮ್ಮಿ ಸಮ ಇರುವ ವಿಷುವದ ದಿನ ಪ್ರಯತ್ನಿಸಿದೆವು. ಬೀದರ್‌ನಲ್ಲಿ ಮಳೆ, ನಮ್ಮಲ್ಲಿ ಬಿಸಿಲು. ಮಾರನೇ ದಿನ ಉಲ್ಟಾ. ವಿಷುವದ ಹೊತ್ತಿಗೆ ಸೂರ್ಯ ದಿನಕ್ಕೆ ಸುಮಾರು 0.4 ಡಿಗ್ರಿ ದಕ್ಷಿಣಕ್ಕೆ ಸರಿಯುತ್ತಾನೆ. ಒಂದು ಊರಿನ ಇವತ್ತಿನ ನೆರಳನ್ನು ಇನ್ನೊಂದು ಊರಿನ ನಾಳೆಯ ನೆರಳಿಗೆ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಹಿರಿಯೂರಿನ ಮೇಡಂ ಆಗ ಡಿಸೆಂಬರ್ ಅಂದರು. ಡಿಸೆಂಬರ್ 22ರ ಆಸುಪಾಸಿನಲ್ಲಿ ಸೂರ್ಯ ದಕ್ಷಿಣದ ತುದಿ ಮುಟ್ಟಿ ಹೆಚ್ಚುಕಮ್ಮಿ ಅಲ್ಲೇ ನಿಂತಿರುತ್ತಾನೆ. ನಾಲ್ಕು ದಿನ ಹಿಂದೆ ಮುಂದೆ ಆದರೂ ನೆರಳಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲ್ಲ. ಒಂದು ಊರಿನಲ್ಲಿ ಮೋಡ ಇದ್ದರೆ ಮರುದಿನ ಅಳೆಯಬಹುದು. ಶಾಲಾ ಪ್ರವಾಸಕ್ಕೆ ಹೋದವರು ಬಂದ ಮೇಲೆ ಅಳೆಯಬಹುದು. ಹತ್ತಾರು ಶಾಲೆಗಳು ಕೂಡಿ ಕೆಲಸ ಮಾಡುವಾಗ ಎಲ್ಲರಿಗೂ ಒಂದೇ ದಿನ ಹೊಂದುವುದು ಕಷ್ಟ. ಸಡಿಲು ಕೊಡುವ ಪ್ರಶ್ನೆಯನ್ನೇ ಆರಿಸಿಕೊಳ್ಳಬೇಕು ಅನ್ನುವುದು ನನಗೆ ಅಲ್ಲಿವರೆಗೆ ಹೊಳೆದಿರಲಿಲ್ಲ.

ತಯಾರಿಗೆ ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಒಂದು ಮೀಟರ್ ಪಿವಿಸಿ ಪೈಪ್, ಬಕೆಟ್ ಮರಳಿನಲ್ಲಿ ನಿಲ್ಲಿಸಿದ್ದು. ನೆಟ್ಟಗೆ ನಿಂತಿದೆಯಾ ನೋಡಲು ಗಾರೆ ಕೆಲಸದವರ ತೂಗುಗುಂಡು. ನಮ್ಮ ತರಗತಿಯ ಒಬ್ಬ ಹುಡುಗನ ಅಪ್ಪ ಮೇಸ್ತ್ರಿ. ಅವರೇ ಬಂದು ರಸಮಟ್ಟ ಇಟ್ಟು ನೆಲ ತೋರಿಸಿಕೊಟ್ಟರು. ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು. ಗಡಿಯಾರದ ಹನ್ನೆರಡಕ್ಕೆ ಸೂರ್ಯ ನೆತ್ತಿಗೆ ಬರುವುದಿಲ್ಲ ಅಂತ ಎಷ್ಟು ಸಲ ಹೇಳಿದರೂ ಮಕ್ಕಳು ನಂಬಿರಲಿಲ್ಲ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮಕ್ಕೆ ಇದ್ದೇವೆ, ಡಿಗ್ರಿಗೆ ನಾಲ್ಕು ನಿಮಿಷದಂತೆ ತಡ. ಅವತ್ತು 12.20ರ ಸುಮಾರಿಗೆ ನೆರಳು ಕುಗ್ಗೋದು ನಿಂತು ಮತ್ತೆ ಬೆಳೆಯತೊಡಗಿದಾಗ ‘ಸಾ, ತಿರುಗ್ತು!’ ಅಂತ ಕೂಗಿದ್ದು ಪ್ರಶ್ನೆ ಕೇಳಿದರೆ ಬಾಯಿ ಬಿಡದ ಹುಡುಗಿ.

ನಮ್ಮ ನೆರಳು 71.5 ಸೆಂಟಿಮೀಟರ್. ಬೀದರ್‌ನಿಂದ 87.5 ಅಂತ ಬಂತು. ಒಂದೇ ಎತ್ತರದ ಕೋಲು, ಒಂದೇ ಸೂರ್ಯ, 16 ಸೆಂಟಿಮೀಟರ್ ವ್ಯತ್ಯಾಸ. ಅದನ್ನು ಕಪ್ಪುಹಲಗೆಯ ಮೇಲೆ ಬರೆದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಎಂಟನೇ ತರಗತಿಯವರು ಅಳತೆಗೆ ತಕ್ಕಂತೆ ಚಿಕ್ಕದಾಗಿ ತ್ರಿಕೋನ ಬರೆದು ಕೋನಮಾಪಕ ಇಟ್ಟರು. ಹತ್ತನೆಯವರು ಟ್ಯಾನ್ ಕೋಷ್ಟಕ ತೆಗೆದರು. ಇಲ್ಲಿ 35.6 ಡಿಗ್ರಿ, ಅಲ್ಲಿ 41.2. ವ್ಯತ್ಯಾಸ 5.6. ದೂರ ಎಷ್ಟು ಅಂದಾಗ ಒಬ್ಬ ಮ್ಯಾಪ್‌ನಲ್ಲಿ ರಸ್ತೆ ದೂರ ಹಾಕಿದ. ಬಸ್ಸು ಹೋದ ದಾರಿಯಲ್ಲಿ ಸೂರ್ಯ ಹೋಗ್ತಾನೇನೋ ಅಂತ ಪಕ್ಕದವನೇ ತಿದ್ದಿದ. 660ನ್ನು ಹಿಡಿದು ಲೆಕ್ಕ ಮಾಡಿದರೆ ಸುತ್ತಳತೆ ಸುಮಾರು 42,400 ಕಿಲೋಮೀಟರ್. ಧ್ರುವಗಳ ಮೇಲೆ ಹಾದು ಹೋಗುವ ನಿಜವಾದ ಸುತ್ತಳತೆ ಸುಮಾರು 40,000.

‘ಸಾ, ತಪ್ಪು ಬಂತು’ ಅಂತ ಮುಖ ಸಣ್ಣ ಮಾಡಿಕೊಂಡರು. ನನಗೆ ಅಲ್ಲಿಂದ ಪ್ರಾಜೆಕ್ಟ್ ಶುರುವಾಯಿತು ಅನ್ನಿಸಿತು. ಒಂದು ಸೆಂಟಿಮೀಟರ್ ತಪ್ಪಾಗಿ ಅಳೆದರೆ ಏನಾಗುತ್ತದೆ? ಲೆಕ್ಕ ಮಾಡಿ ನೋಡಿ ಅಂದೆ. ಕೋನ ಡಿಗ್ರಿಯ ಮೂರನೇ ಒಂದು ಭಾಗದಷ್ಟು ಕದಲುತ್ತದೆ. ಆರು ಡಿಗ್ರಿಯಲ್ಲಿ ಅಷ್ಟು ಅಂದರೆ ಶೇಕಡ ಐದು. ಭೂಮಿಯ ಸುತ್ತಳತೆಯಲ್ಲಿ 2,000 ಕಿಲೋಮೀಟರ್! ನೆರಳಿನ ತುದಿ ಚೂಪಾಗಿ ಬೀಳುವುದಿಲ್ಲ, ಮಸುಕಾಗಿರುತ್ತದೆ. ಆ ಮಸುಕಿನಲ್ಲಿ ಎಲ್ಲಿ ಗುರುತು ಹಾಕಬೇಕು ಅನ್ನುವುದರ ಮೇಲೆ ಎರಡು ಪೀರಿಯಡ್ ವಾದ ನಡೆಯಿತು. ಬೀದರ್‌ನ ಮಕ್ಕಳೂ ಅದೇ ಹೊತ್ತಿಗೆ ಅದೇ ವಾದ ಮಾಡುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು.

ಉಳಿದ ಶಾಲೆಗಳ ಅಳತೆಗಳೂ ಬಂದು ಸೇರಿದ ಮೇಲೆ ಅಕ್ಷಾಂಶ ಒಂದು ಕಡೆ, ಕೋನ ಒಂದು ಕಡೆ ಇಟ್ಟು ಗ್ರಾಫ್ ಎಳೆದೆವು. ಚುಕ್ಕಿಗಳು ಹೆಚ್ಚುಕಮ್ಮಿ ಒಂದು ಗೆರೆಯ ಮೇಲೆ ಕೂತವು. ಒಂದು ಮಾತ್ರ ಕೂರಲಿಲ್ಲ. ಒಂದು ಶಾಲೆಯ ನೆರಳು ಇರಬೇಕಾದ್ದಕ್ಕಿಂತ ಎರಡು ಸೆಂಟಿಮೀಟರ್ ಉದ್ದ.

ಇಂಥ ಬಳಗಗಳು ಮುರಿಯುವುದು ಇಲ್ಲೇ. ಮೇಷ್ಟ್ರಿಗೆ ಮೇಷ್ಟ್ರು ‘ನಿಮ್ಮದು ತಪ್ಪು’ ಅಂತ ಎಲ್ಲರೆದುರು ಹೇಳುವುದು ನಮ್ಮಲ್ಲಿ ರೂಢಿ ಇಲ್ಲ. ಹೇಳಿದರೆ ಮುನಿಸು. ಹೇಳದಿದ್ದರೆ ಅಳತೆಗೆ ಬೆಲೆ ಇಲ್ಲ. ಎರಡು ದಿನ ಗುಂಪಿನಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಕೊನೆಗೆ ದಾರಿ ಮಾಡಿದ್ದು ಮಕ್ಕಳು. ಸಿಂಧನೂರಿನ ಒಂಬತ್ತನೇ ತರಗತಿಯವರು ಆ ಶಾಲೆಯ ಮಕ್ಕಳಿಗೆ ಒಂದು ಧ್ವನಿ ಸಂದೇಶ ಕಳಿಸಿದರು. ‘ನಿಮ್ಮ ನೆರಳು ಯಾಕ ಉದ್ದ ಬಂದದ? ನೀವು ಎಲ್ಲಿ ಅಳದ್ರಿ? ನಮಗ ತಿಳೀವಲ್ದು, ಹೇಳ್ರಿ.’ ಬೈಗುಳ ಅಲ್ಲ, ನಿಜವಾದ ಪ್ರಶ್ನೆ. ಆ ಶಾಲೆಯ ಮಕ್ಕಳು ಮತ್ತೆ ಅಂಗಳಕ್ಕೆ ಹೋಗಿ ನೀರು ಚೆಲ್ಲಿ ನೋಡಿದರು. ನೀರು ಉತ್ತರಕ್ಕೆ ಹರಿಯಿತು. ಧ್ವಜಸ್ತಂಭದ ಸುತ್ತ ಮಳೆನೀರು ನಿಲ್ಲಬಾರದು ಅಂತ ಸಿಮೆಂಟ್ ನೆಲಕ್ಕೆ ಇಳಿಜಾರು ಕೊಟ್ಟಿದ್ದರು. ಡಿಸೆಂಬರ್‌ನಲ್ಲಿ ನೆರಳು ಬೀಳುವುದೂ ಉತ್ತರಕ್ಕೇ. ಇಳಿಜಾರಿನ ಮೇಲೆ ನೆರಳು ಜಾರಿ ಉದ್ದವಾಗಿತ್ತು. ಆ ಸರ್ ತಾವೇ ‘ಎಡವಟ್ಟು’ ಕಾಲಂನಲ್ಲಿ ಮೂರು ಸಾಲು ಬರೆದರು, ಕೆಳಗೆ ನಗುವ ಮುಖ ಹಾಕಿದರು. ಆವತ್ತಿನಿಂದ ಬಳಗದಲ್ಲಿ ಒಂದು ಮಾತು ನಿಂತಿತು: ಅನುಮಾನ ಬಂದರೆ ‘ಹೇಗೆ ಮಾಡಿದಿರಿ?’ ಅಂತ ಕೇಳಬೇಕು, ‘ಸರಿ ಇಲ್ಲ’ ಅನ್ನಬಾರದು.

ಬಾಕಿ ನಿಯಮಗಳೂ ಹೀಗೇ ಒಂದೊಂದು ಪೇಚಿನಿಂದ ಹುಟ್ಟಿದವು. ಆನ್‌ಲೈನ್ ಭೇಟಿಯನ್ನು ಮೊದಲು ರಾತ್ರಿ ಎಂಟಕ್ಕೆ ಇಟ್ಟಿದ್ದೆವು. ಸರ್‌ಗಳೆಲ್ಲ ಹಾಜರ್, ಮೇಡಂಗಳ ಕಡೆಯಿಂದ ಬರೀ ಕುಕ್ಕರ್ ಸೀಟಿ. ಮೈಕ್ ಬಂದ್ ಮಾಡಿ ಕೇಳಿಸಿಕೊಳ್ಳುತ್ತಿದ್ದರು, ಮಾತಾಡುತ್ತಿರಲಿಲ್ಲ. ಕೆಲವರು ಅದನ್ನು ಆಸಕ್ತಿ ಇಲ್ಲ ಅಂತ ತಿಳಿದುಕೊಂಡರು. ತೀರ್ಥಹಳ್ಳಿಯ ಮೇಡಂ ಒಂದು ದಿನ ಬಿಡಿಸಿ ಹೇಳಿದರು: ಎಂಟು ಗಂಟೆ ಅಡುಗೆ ಹೊತ್ತು, ಒಂಬತ್ತೂವರೆಗೆ ಇಡಿ, ಇಲ್ಲ ಶನಿವಾರ ಮಧ್ಯಾಹ್ನ ಇಡಿ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಂತ ಆಯಿತು. ಅಲ್ಲಿಂದ ಅತಿ ಜಾಸ್ತಿ ಮಾತಾಡುವವರು ಅವರೇ. ಬರಲಾಗದವರಿಗೆ ಧ್ವನಿ ಸಂದೇಶ ಸಾಕು. ಮೊಬೈಲ್‌ನಲ್ಲಿ ಕನ್ನಡ ಟೈಪಿಸಲು ಬೇಸರ ಪಡುವ ಹಿರಿಯ ಮೇಷ್ಟ್ರುಗಳು ಎರಡು ನಿಮಿಷ ಮಾತಾಡಿ ಕಳಿಸಿದರೆ ಅದರಲ್ಲಿ ಇಪ್ಪತ್ತು ವರ್ಷದ ಅನುಭವ ಇರುತ್ತದೆ.

ಫೋಟೋ ಇನ್ನೊಂದು. ಮಕ್ಕಳ ಮುಖ ಬೇಡ ಅಂತ ತೀರ್ಮಾನಿಸಿದೆವು. ಕೈ, ಕೋಲು, ನೆರಳು, ನೋಟ್‌ಬುಕ್ಕಿನ ಪುಟ, ಅಷ್ಟು ಸಾಕು. ಹೆಣ್ಣುಮಕ್ಕಳ ಫೋಟೋ ಎಲ್ಲೆಲ್ಲೋ ಹೋಗುತ್ತದೆ ಅಂತ ಒಬ್ಬ ತಾಯಿ ಕೇಳಿದ ಮೇಲೆ ಬಂದ ನಿಯಮ ಇದು. ಅದರಿಂದ ಒಂದು ಲಾಭವೂ ಆಯಿತು. ಬ್ಯಾನರ್ ಹಿಡಿದು ಸಾಲಾಗಿ ನಿಲ್ಲುವ ಫೋಟೋಗಳು ತಾವಾಗೇ ನಿಂತವು. ನೋಟ್‌ಬುಕ್ಕಿನ ಪುಟದಲ್ಲಿ ಮಗು ಎಲ್ಲಿ ಹೊಡೆದು ಹಾಕಿದೆ, ಎಲ್ಲಿ ತಿದ್ದಿದೆ ಅಂತ ಕಾಣುತ್ತದೆ. ನಮಗೆ ಮಾತಾಡೋಕೆ ಬೇಕಾದ್ದು ಅದು.

ನಾನು ಇಲ್ಲಿ ಹೊಸದೇನೋ ಕಂಡುಹಿಡಿದೆ ಅಂತ ಹೇಳಿಕೊಳ್ಳುವ ಹಾಗಿಲ್ಲ. ವಾಟ್ಸಾಪ್ ಎಲ್ಲರ ಕೈಗೆ ಬರುವ ಮುಂಚೆಯೇ ನಮ್ಮ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಷಯ ಶಿಕ್ಷಕರ ವೇದಿಕೆ ಶುರುವಾಗಿತ್ತು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳು ಇ-ಮೇಲ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುತ್ತಿದ್ದರು. ಅದರ ಬೆನ್ನಿಗೇ ಕೊಯರ್ ಅಂತ ನಾವು ಕರೆಯುವ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ ಬಂತು. ಯಾವ ಮೇಷ್ಟ್ರಾದರೂ ಪುಟ ತೆರೆದು ತಿದ್ದಬಹುದಾದ ಜಾಗ ಅದು. ನಮ್ಮ ಬಳಗದ ಹಿರಿಯರಲ್ಲಿ ಕೆಲವರು ಅಲ್ಲಿ ಪಳಗಿದವರು. ಪ್ರಶ್ನೆ ಕೇಳೋಕೆ ನಾಚಬಾರದು ಅನ್ನುವುದನ್ನು ಅವರು ಅಲ್ಲಿಂದಲೇ ತಂದರು. ನಮ್ಮದು ಅದರ ಎದುರು ತೀರಾ ಸಣ್ಣದು, ಬೇಕೆಂದೇ ಸಣ್ಣದು.

ಮಳೆಗಾಲಕ್ಕೆ ಮಳೆಯನ್ನೇ ಹಿಡಿದೆವು. ಎರಡು ಲೀಟರ್ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ ಬೋರಲು ಹಾಕಿದರೆ ಮಳೆಮಾಪಕ. ತಳ ಉಬ್ಬುತಗ್ಗು ಇರುವುದರಿಂದ ಸ್ವಲ್ಪ ಕಲ್ಲು, ನೀರು ಹಾಕಿ ಅಲ್ಲಿಗೆ ಸೊನ್ನೆ ಗುರುತು. ಹವಾಮಾನ ಇಲಾಖೆಯವರು ದಿನದ ಮಳೆಯನ್ನು ಬೆಳಗ್ಗೆ 8.30ಕ್ಕೆ ಓದುತ್ತಾರೆ, ನಾವೂ ಅದೇ ಹೊತ್ತಿಗೆ ಓದಬೇಕು. ಶಾಲೆ ತೆರೆಯುವುದು ಆಮೇಲೆ. ಭಾನುವಾರ ಬೇರೆ ರಜೆ. ಹಾಗಾಗಿ ಶಾಲೆಯ ಪಕ್ಕದ ಮನೆಗಳ ಮಕ್ಕಳಿಗೆ ಸರದಿ. ಈ ಕೆಲಸಕ್ಕೆ ಓದಿನಲ್ಲಿ ಹಿಂದೆ ಇದ್ದವರೇ ಹೆಚ್ಚು ನಿಯತ್ತಾಗಿ ಬಂದರು ಅಂತ ಎಲ್ಲ ಊರುಗಳಿಂದಲೂ ಕೇಳಿಬಂತು.

ಹಿರಿಯೂರಿನ ಸಾಲಿನಲ್ಲಿ ವಾರಗಟ್ಟಲೆ ಸೊನ್ನೆ, ಸೊನ್ನೆ, ಎರಡು ಮಿಲಿಮೀಟರ್. ತೀರ್ಥಹಳ್ಳಿಯ ಸಾಲಿನಲ್ಲಿ ಒಂದು ದಿನ ‘ಬಾಟಲಿ ತುಂಬಿ ಚೆಲ್ಲಿದೆ, ಎಷ್ಟು ಅಂತ ಗೊತ್ತಿಲ್ಲ’. ಆಗುಂಬೆಯ ಮಗ್ಗುಲಿನವರಿಗೆ ಈ ಬಾಟಲಿ ಸಾಲದು ಅಂತ ಹಿರಿಯೂರಿನ ಮಕ್ಕಳಿಗೆ ನಂಬಲಿಕ್ಕೇ ಆಗಲಿಲ್ಲ. ‘ಅಷ್ಟು ನೀರು ಏನ್ ಮಾಡ್ತಾರೆ ಮಿಸ್?’ ಅಂತ ಕೇಳಿದರಂತೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದೆ. ಅದರ ಅಂಕಿಗೂ ಬಾಟಲಿಯ ಅಂಕಿಗೂ ಯಾಕೆ ತಾಳೆ ಆಗಲ್ಲ ಅನ್ನುವುದು ಒಂದು ತಿಂಗಳ ಚರ್ಚೆ. ಗಾಳಿ, ಮರದ ನೆರಳು, ಸೂರಿನ ಹನಿ, ಎರಡು ಕಿಲೋಮೀಟರ್ ಆಚೆಗೆ ಮಾತ್ರ ಬಿದ್ದ ಮಳೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ಅಂತ ತಿಳಿದ ಮೇಲೆ ಹಿರಿಯೂರಿನವರು ತಮ್ಮ ಕೊಠಡಿಯ ಚಾವಣಿ ಅಳೆದರು. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲ. ಹತ್ತು ಮಿಲಿಮೀಟರ್ ಮಳೆಗೆ 600 ಲೀಟರ್. ಆ ಲೆಕ್ಕ ಹಿಡಿದು ಶಾಲೆಯ ಅಭಿವೃದ್ಧಿ ನೋಡಿಕೊಳ್ಳುವ ಎಸ್‌ಡಿಎಂಸಿ ಸಭೆಗೆ ಹೋಗಿ ಡ್ರಮ್ ಕೇಳಿದ್ದು ಮಕ್ಕಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಆಗದೇ ಹೋದದ್ದೂ ಇದೆ. ಎರಡು ಶಾಲೆಯ ಮಕ್ಕಳನ್ನು ವಿಡಿಯೋದಲ್ಲಿ ಮುಖಾಮುಖಿ ಮಾಡಿಸುವ ಆಸೆ ನೆಟ್‌ವರ್ಕ್ ಕೈಯಲ್ಲಿ ಸತ್ತಿತು. ಪಾಠಯೋಜನೆಗಳ ಭಂಡಾರ ಮಾಡೋಣ ಅಂತ ಫೋಲ್ಡರ್ ತೆರೆದೆವು, ಅದು ಹೆಚ್ಚುಕಮ್ಮಿ ಖಾಲಿ ಬಿದ್ದಿದೆ. ಜನವರಿ ಬಂತು ಅಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಒತ್ತಡ, ಬಳಗದಲ್ಲಿ ಮಾತು ನಿಲ್ಲುತ್ತದೆ. 80 ಅಂಕದ ಬರವಣಿಗೆಯ ಮುಂದೆ 20ರ ಆಂತರಿಕ ಅಂಕಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನಮ್ಮವರೇ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ. ನೆರಳು ಅಳೆದ ಹುಡುಗರಿಗೆ ತ್ರಿಕೋನಮಿತಿ ಪಾಠ ಬಂದಾಗ ಟ್ಯಾನ್ ಯಾತಕ್ಕೆ ಅಂತ ಕೇಳಬೇಕಾಗಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ.

ಮೇಲಿನವರಿಗೆ ಸುದ್ದಿ ಮುಟ್ಟಿದಾಗ ಇದನ್ನು ಎಲ್ಲ ಶಾಲೆಗೂ ಕಡ್ಡಾಯ ಮಾಡೋಣ, ನಮೂನೆ ಕಳಿಸಿ, ವಾರಕ್ಕೊಂದು ವರದಿ ಕೊಡಿ ಅಂತ ಒಬ್ಬರು ಹುಮ್ಮಸ್ಸಿನಿಂದ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾವು ವಿನಯದಿಂದ ಜಾರಿಕೊಂಡೆವು. ಕಡ್ಡಾಯ ಆದ ದಿನ ಕೋಲಿಲ್ಲದೆ ನೆರಳಿನ ಅಳತೆ ಬರತೊಡಗುತ್ತದೆ. ಚಾರ್ಟ್ ಶೀಟಿನಲ್ಲಿ.

ಈಗ ಗುಂಪಿನಲ್ಲಿ ನೋಡುವವರಿಗೂ ಬಾಗಿಲು ತೆರೆದಿದೆ. ಬೀದರ್ ಮೇಡಂ ಬಿಡಲಿಲ್ಲ. ಹಾಗೆ ಸುಮ್ಮನೆ ನೋಡಲು ಬಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮೇಷ್ಟ್ರೊಬ್ಬರು ಈ ಸಲ ಕೋಲು ನೆಡುತ್ತೇನೆ ಅಂದಿದ್ದಾರೆ. ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಯ ಒಬ್ಬರನ್ನು ಸಿಂಧನೂರಿನವರು ಹುಡುಕಿದ್ದಾರೆ. ಆ ಎರಡು ಊರುಗಳ ನಡುವೆ ಐದು ಡಿಗ್ರಿ ಅಕ್ಷಾಂಶ ಇದೆ, ರೇಖಾಂಶದಲ್ಲಿ ಮಾತ್ರ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ. ಹಾಗಾಗಿ ನೇರ ದೂರ ಹಾಕುವಂತಿಲ್ಲ, ಉತ್ತರ ದಕ್ಷಿಣದ ಭಾಗವನ್ನು ಮಾತ್ರ ಬಿಡಿಸಿ ತೆಗೆಯಬೇಕು. ಇದನ್ನು ಎಂಟನೇ ತರಗತಿಯವರಿಗೆ ಹೇಗೆ ಮುಟ್ಟಿಸೋದು ಅಂತ ಕಳೆದ ಶನಿವಾರ ಗುಂಪಿನಲ್ಲಿ ಹಾಕಿದ್ದೆ. ಪಿಡಿಎಫ್ ಒಂದೂ ಬರಲಿಲ್ಲ. ಗ್ರಾಫ್ ಹಾಳೆಯ ಮೇಲೆ ನಕ್ಷೆ ಅಂಟಿಸಿ ಚೌಕ ಎಣಿಸಲಿ ಅಂತ ಶಿರಸಿಯ ಸರ್ ಅಂದರು. ನಕ್ಷೆಯ ಅಳತೆಪಟ್ಟಿ ಮಕ್ಕಳಿಗೆ ಬರಲ್ಲ, ಮೊದಲು ಶಾಲೆಯ ಅಂಗಳದ್ದೇ ನಕ್ಷೆ ಮಾಡಿಸಿ ಅಂತ ಪುತ್ತೂರಿನ ಮೇಡಂ. ಇನ್ನೂ ತೀರ್ಮಾನ ಆಗಿಲ್ಲ.